ಸ್ಪಷ್ಟನೆ: ಮೂಮಿನ್ ಹುಟ್ಟಿದ್ದು ಜಪಾನಿನಲ್ಲಲ್ಲ

ಮೂಮಿನ್ ಅಂದರೆ ಮಕ್ಕಳ ಕಥೆಗಳಲ್ಲಿ ಬರುವ, ದೊಡ್ಡ ಮೂತಿಯ ಕಾಲ್ಪನಿಕ ಜೀವಿಗಳ ಕುಟುಂಬ. "ಮೂಮಿನ್ ಜಪಾನಿನ ಕಾರ್ಟೂನು, ಅದು ಹಿಟ್ ಆದ ಮೇಲೆ ಮಕ್ಕಳ ಪುಸ್ತಕ ಬಂತು" ಎಂಬ ಮಾತು ಹರಿದಾಡುತ್ತಿದೆ. ಇದು ಉಲ್ಟಾ. ಪುಸ್ತಕವೇ ಮೊದಲು.

ಕಥೆ ಬರೆದು ಚಿತ್ರವನ್ನೂ ಬಿಡಿಸಿದವರು ಫಿನ್ಲೆಂಡಿನ ಟೂವೆ ಯಾನ್ಸನ್. ಅವರ ಮನೆಮಾತು ಸ್ವೀಡಿಷ್, ಬರೆದಿದ್ದೂ ಅದರಲ್ಲೇ. ಮೊದಲ ಪುಸ್ತಕ ಬಂದಿದ್ದು 1945ರಲ್ಲಿ. ಕಳೆದುಹೋದ ಅಪ್ಪನನ್ನು ಹುಡುಕುತ್ತಾ ಅಮ್ಮ, ಮಗ ಕಾಡು ದಾಟುತ್ತಾರೆ, ನಡುವೆ ದೊಡ್ಡ ಪ್ರವಾಹ. ಯುದ್ಧಕಾಲದಲ್ಲಿ ಬರೆಯಲು ಶುರುಮಾಡಿದ ಕಥೆ ಅಂತ ಓದಿದರೇ ಗೊತ್ತಾಗುತ್ತದೆ. 1954ರಿಂದ ಲಂಡನ್ನಿನ ಒಂದು ಸಂಜೆ ಪತ್ರಿಕೆಯಲ್ಲಿ ಕಾಮಿಕ್ ಆಗಿಯೂ ಬಂತು.

ಇದನ್ನು ಟಿವಿ ಕಾರ್ಟೂನು ಮಾಡಲು ಜಪಾನ್ ಕೈಹಾಕಿದ್ದು 1969ರಲ್ಲಿ. ಆ ಸರಣಿಯಲ್ಲಿ ಕಾರು, ದುಡ್ಡು, ಹೊಡೆದಾಟ ಎಲ್ಲ ಸೇರಿಕೊಂಡವು. ಟೂವೆಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. ಹಿಡಿಸುವುದಾದರೂ ಹೇಗೆ, ಅಲ್ವಾ? ಮುಂದೆ ಪೋಲೆಂಡಿನವರು ಗೊಂಬೆಗಳನ್ನು ಇಟ್ಟು ಸ್ಟಾಪ್ ಮೋಷನ್‌ನಲ್ಲಿ, ಅಂದರೆ ಗೊಂಬೆಯನ್ನು ಚೂರುಚೂರೇ ಸರಿಸಿ ಒಂದೊಂದೇ ಫೋಟೋ ತೆಗೆದು, ಮಾಡಿದರು. ನನಗೆ ಪುಸ್ತಕದ ಮಬ್ಬು, ಭಯ ಜಾಸ್ತಿ ಉಳಿದಿರುವುದು ಅದರಲ್ಲೇ ಅನಿಸುತ್ತದೆ.

ಗೊಂದಲಕ್ಕೆ ಮುಖ್ಯ ಕಾರಣ 1990ರ ಸರಣಿ. ಅದನ್ನೂ ಜಪಾನಿನಲ್ಲೇ ಚಿತ್ರಿಸಿದ್ದು, ಹಲವು ದೇಶಗಳಲ್ಲಿ ಓಡಿತು. ಆದರೆ ನಿರ್ಮಾಪಕರು ಫಿನ್ಲೆಂಡಿನವರು. ಟೂವೆ ಮತ್ತು ಅವರ ತಮ್ಮ ಲಾರ್ಸ್ ಈ ಸಲ ಕೆಲಸದಲ್ಲಿ ಜೊತೆಗಿದ್ದರು.

ಅಂದ ಹಾಗೆ, ಮೂತಿ ನೋಡಿ ಸುಮ್ನೆ ನೀರಾನೆ ಅನ್ನಬೇಡಿ. ಅವು ಟ್ರೋಲ್‌ಗಳು, ಅಂದರೆ ಉತ್ತರ ಯುರೋಪಿನ ಜಾನಪದ ಕಥೆಗಳಲ್ಲಿ ಬರುವಂಥ ಜೀವಿಗಳು.