ಬಂದೂಕು ಆಮೇಲೆ, ಮೊದಲು ದುರ್ಬೀನು

ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ನೆಲೆಸಿರುವ ಕನ್ನಡಿಗರೇ ಕಡಿಮೆ, ಅದರಲ್ಲಿ ಬೇಟೆಗೆ ಹೋಗುವವರು ಇನ್ನೂ ಕಡಿಮೆ. ಆದರೂ ಬೇರೆ ರಾಜ್ಯಗಳಿಂದ ಗೆಳೆಯರು ಆಗಾಗ ಫೋನ್ ಮಾಡುತ್ತಾರೆ. ಇಲ್ಲಿಯ ಜಿಂಕೆಯಂಥ ಪ್ರಾಣಿ ಪ್ರಾಂಗ್‌ಹಾರ್ನ್ ಬೇಟೆಗೆ ಯಾವ ರೈಫಲ್ ತಗೊಳ್ಳಲಿ ಅನ್ನುವುದೇ ಎಲ್ಲರ ಮೊದಲ ಪ್ರಶ್ನೆ. ಅದನ್ನು ಕೊನೆಗೆ ಕೇಳಿ ಅನ್ನುತ್ತೇನೆ. ದುಡ್ಡನ್ನು ಮೊದಲು ದುರ್ಬೀನಿಗೆ ಹಾಕಿ. ಆಮೇಲೆ, ಬೇಟೆ ಹೊಸದಾಗಿದ್ದರೆ, ಆ ನೆಲ ಗೊತ್ತಿರುವ ಗೈಡ್‌ಗೆ ಹಾಕಿ.

ನಾನು ರಾಣೆಬೆನ್ನೂರು ಕಡೆಯವನು. ನಮ್ಮ ಹೊಲಗಳಲ್ಲಿ ಚಿಗರಿ, ಅಂದರೆ ಕೃಷ್ಣಮೃಗ, ಹಿಂಡು ಹಿಂಡಾಗಿ ಬರುತ್ತವೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅವುಗಳ ಬೇಟೆ ನಿಂತಿತು, 1974ರಲ್ಲಿ ರಾಣೆಬೆನ್ನೂರು ಅಭಯಾರಣ್ಯ ಆಯಿತು. ಅಲ್ಲಿ ಬೆಳೆದವನಿಗೆ ಇಲ್ಲಿಯ ಬಯಲು ಅಪರಿಚಿತ ಅನಿಸುವುದಿಲ್ಲ. ಮರ ಇಲ್ಲ, ಮರೆ ಇಲ್ಲ, ಕಣ್ಣು ಹಾಯುವಷ್ಟು ದೂರ ಮೊಣಕಾಲೆತ್ತರದ ಸೇಜ್ ಪೊದೆ. ಪ್ರಾಂಗ್‌ಹಾರ್ನ್ ಕೂಡ ಚಿಗರಿಯ ಹಾಗೆ ಬಯಲನ್ನೇ ನಂಬಿ ಬದುಕುವ ಪ್ರಾಣಿ. ಗಂಟೆಗೆ 80 ಕಿಲೋಮೀಟರ್‌ಗೂ ಜಾಸ್ತಿ ವೇಗದಲ್ಲಿ ಓಡುತ್ತದೆ. ಇವತ್ತು ಅಮೆರಿಕದಲ್ಲಿ ಅದನ್ನು ಓಡಿ ಹಿಡಿಯುವ ಪ್ರಾಣಿ ಒಂದೂ ಇಲ್ಲ. ಸಾವಿರಾರು ವರ್ಷಗಳ ಹಿಂದೆ ಇಲ್ಲಿದ್ದು ಅಳಿದುಹೋದ ಚೀತಾ ಮಾದರಿಯ ಬೆಕ್ಕಿನಿಂದ ತಪ್ಪಿಸಿಕೊಳ್ಳಲು ಬೆಳೆದ ವೇಗ ಅದು ಅನ್ನುವ ವಿಜ್ಞಾನಿಗಳಿದ್ದಾರೆ. ನಮ್ಮ ಚಿಗರಿಯನ್ನೂ ಚೀತಾ ಅಟ್ಟಿಸಿಕೊಂಡು ಹೋಗುತ್ತಿತ್ತಲ್ವಾ!

ಇಂಥ ಬಯಲಲ್ಲಿ ನಾವು ಅದನ್ನು ನೋಡುವ ಮೊದಲೇ ಅದು ನಮ್ಮನ್ನು ನೋಡಿರುತ್ತದೆ. ದೊಡ್ಡ ಕಣ್ಣು, ತಲೆಯ ಎರಡು ಪಕ್ಕಕ್ಕೆ. ಗಾಬರಿಯಾದರೆ ಹಿಂಭಾಗದ ಬಿಳಿ ಕೂದಲು ನೆಟ್ಟಗೆ ನಿಲ್ಲುತ್ತದೆ, ದೂರದಲ್ಲಿರುವ ಇಡೀ ಹಿಂಡಿಗೆ ಸುದ್ದಿ ಮುಟ್ಟುತ್ತದೆ. ಅದಕ್ಕೇ ದುರ್ಬೀನು ಮುಖ್ಯ ಅನ್ನುವುದು. ಹತ್ತು ಪಟ್ಟು ಹತ್ತಿರ ತೋರಿಸುವ 10x42 ಸಾಕು, ಅದನ್ನು ಟ್ರೈಪಾಡ್ ಮೇಲೆ ಕೂರಿಸಿ. ಬಿಸಿಲೇರಿದ ಮೇಲೆ ನೆಲದಿಂದ ಏಳುವ ಝಳದಲ್ಲಿ ಎಲ್ಲವೂ ನಡುಗುತ್ತದೆ, ಅಗ್ಗದ ಗಾಜಿನಲ್ಲಿ ಏನೂ ಬಿಡಿಸಿ ಕಾಣುವುದಿಲ್ಲ. ಎಷ್ಟೋ ಹೆಣ್ಣುಗಳಿಗೂ ಸಣ್ಣ ಕೊಂಬು ಇರುತ್ತದೆ. ಗಂಡನ್ನು ಗುರುತಿಸಲು ಕೆನ್ನೆಯ ಕೆಳಗಿನ ಕಪ್ಪು ಪಟ್ಟೆ ನೋಡಬೇಕು. ಕೈಯಲ್ಲಿ ಹೆಣ್ಣಿನ ಟ್ಯಾಗ್, ಅಂದರೆ ಹೆಣ್ಣನ್ನು ಹೊಡೆಯುವ ಪರವಾನಗಿ, ಇಟ್ಟುಕೊಂಡು ಗಂಡನ್ನು ಹೊಡೆದರೆ ಅಪರಾಧ. ಆ ಕಪ್ಪು ಪಟ್ಟೆ ಅರ್ಧ ಮೈಲಿ ದೂರದಿಂದ ಸ್ಪಷ್ಟವಾಗಿ ಕಾಣಬೇಕು ಅಂದರೆ ಒಳ್ಳೆಯ ಗಾಜೇ ಬೇಕು.

ರೈಫಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರಾಣಿ ದೊಡ್ಡದಲ್ಲ, ಗಂಡೇ ಸುಮಾರು 45ರಿಂದ 60 ಕಿಲೋ. .243 ಆಗಲಿ, 6.5 ಕ್ರೀಡ್‌ಮೋರ್ ಆಗಲಿ, ಆ ಅಳತೆಯ ಗುಂಡಿನ ರೈಫಲ್ ಸಾಕು. ನಿಮ್ಮ ಗುರಿ ಎಷ್ಟು ದೂರದವರೆಗೆ ತಪ್ಪುವುದಿಲ್ಲ ಅಂತ ರೇಂಜ್‌ನಲ್ಲಿ ಪರೀಕ್ಷೆ ಮಾಡಿಕೊಳ್ಳಿ. ಮಲಗಿ, ಕೂತು, ಗಾಳಿ ಬೀಸುವಾಗಲೂ. ದೂರ ಅಳೆಯುವ ರೇಂಜ್‌ಫೈಂಡರ್ ಇರಲಿ, ಬಯಲಲ್ಲಿ ಕಣ್ಣಳತೆ ನಂಬುವ ಹಾಗಿಲ್ಲ. ಮೊಣಕಾಲಿಗೆ ಪ್ಯಾಡ್, ಕೈಗೆ ದಪ್ಪ ಚರ್ಮದ ಗ್ಲೌಸ್ ಮರೆಯಬೇಡಿ. ಇಲ್ಲಿ ಪಾಪಾಸುಕಳ್ಳಿ ನೆಲಕ್ಕೆ ಅಂಟಿಕೊಂಡೇ ಬೆಳೆಯುತ್ತದೆ. ತೆವಳಿಕೊಂಡು ಹೋಗುವಾಗ ಅದು ಕಣ್ಣಿಗೆ ಬೀಳುವುದಿಲ್ಲ, ಅಂಗೈಗೆ ಚುಚ್ಚಿದಾಗಲೇ ಗೊತ್ತಾಗುವುದು. ರೈಫಲ್ ಬೇಟೆಗೆ ಕಿತ್ತಳೆ ಅಥವಾ ಗುಲಾಬಿಯ ಹೊಳೆಯುವ ಬಟ್ಟೆ ಕಡ್ಡಾಯ. ವೀಸಾ ಮೇಲೆ ಇರುವವರು ಇನ್ನೊಂದು ವಿಷಯ ಗಮನಿಸಬೇಕು. ಎಚ್-1ಬಿಯಂಥ ವೀಸಾದವರು ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ, ಬೇಟೆಯ ಲೈಸೆನ್ಸ್ ಇದ್ದರೆ ಫೆಡರಲ್ ಕಾನೂನಿನಲ್ಲಿ ವಿನಾಯಿತಿ ಇದೆ. ರಾಜ್ಯದ ಕಾನೂನು ಬೇರೆ ಇರಬಹುದು, ವಕೀಲರನ್ನು ಕೇಳದೆ ಬಂದೂಕು ಮುಟ್ಟಬೇಡಿ.

ಈಗ ಗೈಡ್ ವಿಷಯ. ವಯೋಮಿಂಗ್‌ನಲ್ಲಿ ಹೊರರಾಜ್ಯದವರಿಗೆ ಗೈಡ್ ಕಡ್ಡಾಯ ಇರುವುದು ವಿಲ್ಡರ್‌ನೆಸ್ ಅಂತ ಗುರುತಿಸಿದ ಕಾಡು ಬೆಟ್ಟಗಳಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ. ಬಯಲಿನ ಪ್ರಾಂಗ್‌ಹಾರ್ನ್‌ಗೆ ಒಬ್ಬರೇ ಹೋಗಬಹುದು. ಆದರೆ ಸರ್ಕಾರಿ ಜಾಗ ಮತ್ತು ದನ ಸಾಕುವ ರ‍್ಯಾಂಚಿನವರ ಜಾಗ ಎಷ್ಟೋ ಕಡೆ ಚದುರಂಗದ ಮನೆಗಳ ಹಾಗೆ ಒಂದರ ಪಕ್ಕ ಒಂದು ಇವೆ. ಎಲ್ಲಿ ಕಾಲಿಡಬಹುದು ಅಂತ ಹೊಸಬರಿಗೆ ತಿಳಿಯುವುದಿಲ್ಲ. ನಕ್ಷೆಯ ಆ್ಯಪ್ ಗಡಿ ತೋರಿಸುತ್ತದೆ. ರ‍್ಯಾಂಚಿನ ಯಜಮಾನ ಯಾವ ಗೇಟನ್ನು ಮುಚ್ಚಿಯೇ ಇರಬೇಕು ಅನ್ನುತ್ತಾನೆ ಅನ್ನುವುದು ಗೈಡ್‌ಗೆ ಮಾತ್ರ ಗೊತ್ತಿರುತ್ತದೆ.

ಹೆಚ್ಚಿನವರು ಗೈಡ್‌ನನ್ನು ಆರಿಸುವುದು 'ನೂರಕ್ಕೆ ಇಷ್ಟು ಯಶಸ್ಸು' ಅನ್ನುವ ಲೆಕ್ಕ ಮತ್ತು ದೊಡ್ಡ ಕೊಂಬಿನ ಫೋಟೋ ನೋಡಿ. ನನಗೆ ಅದು ಸರಿ ಅನಿಸುವುದಿಲ್ಲ. ಜೀಪಿನಲ್ಲಿ ಹಿಂಡನ್ನು ಅಟ್ಟಾಡಿಸಿ, ಆರುನೂರು ಗಜದಿಂದ ಗುಂಡು ಹಾರಿಸಲು ಬಿಡುವವನಿಗೂ ಒಳ್ಳೆಯ ಲೆಕ್ಕ ಸಿಗಬಹುದು. ನೀವು ಫೋನಿನಲ್ಲಿ ಬೇರೆ ಪ್ರಶ್ನೆ ಕೇಳಿ. 2022–23ರ ಚಳಿಗಾಲದ ಮೇಲೆ ನಿಮ್ಮ ಕಡೆಯ ಹಿಂಡು ಹೇಗಿದೆ? ಆ ವರ್ಷ ಪಶ್ಚಿಮ ವಯೋಮಿಂಗ್‌ನಲ್ಲಿ ಹಿಮಕ್ಕೂ ರೋಗಕ್ಕೂ ಸಾವಿರಾರು ಪ್ರಾಂಗ್‌ಹಾರ್ನ್ ಸತ್ತವು, ಸರ್ಕಾರ ಟ್ಯಾಗ್‌ಗಳನ್ನು ತುಂಬಾ ಕಡಿಮೆ ಮಾಡಿತು. ಈ ಪ್ರಶ್ನೆಗೆ ನೆಲದ ಮನುಷ್ಯ ನಿಂತು ಉತ್ತರ ಕೊಡುತ್ತಾನೆ. ಯಾವ ಹಳ್ಳದಲ್ಲಿ ಎಷ್ಟು ಉಳಿದವು, ಮರಿಗಳು ಎಷ್ಟು ಕಾಣುತ್ತಿವೆ ಅಂತ ಹೇಳುತ್ತಾನೆ. ವ್ಯಾಪಾರಿ ಮಾತು ತಿರುಗಿಸುತ್ತಾನೆ. 'ಗಾಳಿ ಜಾಸ್ತಿ, ದೂರ ಜಾಸ್ತಿ, ಇವತ್ತು ಬೇಡ' ಅಂತ ಗಿರಾಕಿಗೆ ಹೇಳಿದ್ದುಂಟಾ ಅಂತಲೂ ಕೇಳಿ. ಅದನ್ನು ಹೇಳಬಲ್ಲವನೇ ಗೈಡ್.

ಕೊಂದ ಮೇಲಿನ ಅರ್ಧ ಗಂಟೆಯ ಬಗ್ಗೆಯೂ ಕೇಳಲೇಬೇಕು. ಸೆಪ್ಟೆಂಬರ್‌ನಲ್ಲಿ ಇಲ್ಲಿ ಮಧ್ಯಾಹ್ನ ಚೆನ್ನಾಗಿ ಸೆಕೆ. ಈ ಮಾಂಸಕ್ಕೆ ವಾಸನೆ ಅಂತ ಮೂಗು ಮುರಿಯುವವರು ಬಹಳ. ಓಡಿಸಿ ದಣಿಸಿ ಹೊಡೆದು, ಬಿಸಿಲಲ್ಲಿ ವ್ಯಾನಿನ ಹಿಂದೆ ಹಾಕಿಕೊಂಡು ಊರು ಸುತ್ತಿದರೆ ವಾಸನೆ ಬರದೆ ಏನು? ನೆಮ್ಮದಿಯಾಗಿ ಮೇಯುತ್ತಿದ್ದಾಗ ಬಿದ್ದ ಪ್ರಾಣಿಯ ಚರ್ಮ ತಕ್ಷಣ ಸುಲಿದು, ಉದುರುವ ಟೊಳ್ಳು ಕೂದಲು ಮಾಂಸಕ್ಕೆ ಅಂಟದ ಹಾಗೆ ನೋಡಿಕೊಂಡು, ಐಸ್ ಪೆಟ್ಟಿಗೆಗೆ ಹಾಕಿದರೆ ಎಷ್ಟು ರುಚಿ! ಖಡಕ್ ರೊಟ್ಟಿ ಜೊತೆ ಖೀಮಾ ಮಾಡಿ ಬಡಿಸಿದರೆ ನಮ್ಮ ಕಡೆಯವರು ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ. ಐಸ್ ಎಷ್ಟು ತರುತ್ತೀರಿ ಅಂತ ಕೇಳಿದಾಗ ತಡವರಿಸುವ ಗೈಡ್ ಬೇಡ.

ಊರಿನವರು ಇದನ್ನು ಓದಿ ಬೇಸರ ಮಾಡಿಕೊಳ್ಳಬಹುದು. ಚಿಗರಿ ಬೇಟೆ ನಿಂತದ್ದು ಸರಿಯೇ, ಅದು ನಿಲ್ಲದಿದ್ದರೆ ಇವತ್ತು ನಮ್ಮ ಬಯಲಲ್ಲಿ ಚಿಗರಿ ಇರುತ್ತಿತ್ತೋ ಇಲ್ಲವೋ. ಇಲ್ಲಿಯೂ 1920ರ ದಶಕದಲ್ಲಿ ಪ್ರಾಂಗ್‌ಹಾರ್ನ್ ಸುಮಾರು 30,000ಕ್ಕೆ ಇಳಿದಿತ್ತು. ಅಮೆರಿಕದವರು ಬೇಟೆಯನ್ನು ಲೆಕ್ಕಕ್ಕೆ ತಂದು, 1937ರ ಕಾಯ್ದೆಯಲ್ಲಿ ರೈಫಲ್, ಮದ್ದುಗುಂಡಿನ ಮೇಲಿನ ಶೇ. 11 ತೆರಿಗೆಯನ್ನು ವನ್ಯಜೀವಿಗಳಿಗೇ ಮೀಸಲಿಟ್ಟರು. ನನಗೆ ಇನ್ನೂ ಇಷ್ಟವಾದದ್ದು ಲೈಸೆನ್ಸ್ ಜೊತೆ ಬರುವ ಒಂದು ಚೀಟಿ. ಯಾರ ಜಮೀನಿನಲ್ಲಿ ಪ್ರಾಣಿ ಬಿತ್ತೋ ಆ ರೈತನಿಗೆ ಅದನ್ನು ಕೊಡಬೇಕು. ಅವನು ಇಲಾಖೆಗೆ ತೋರಿಸಿ ಹಣ ಪಡೆಯುತ್ತಾನೆ. ಮೊತ್ತ ಸಣ್ಣದು. ಆದರೆ ತನ್ನ ಹುಲ್ಲು ಮೇಯುವ ಪ್ರಾಣಿಯಿಂದ ಅವನಿಗೂ ಏನೋ ಬಂತು. ಜೋಳ ತಿಂದು ಹೋದ ಚಿಗರಿಗೆ ಪರಿಹಾರ ಕೇಳಿ ಕಚೇರಿ ಅಲೆಯುವ ನಮ್ಮ ರೈತರ ನೆನಪಾಗುತ್ತದೆ. ಬೇಟೆ ಇಲ್ಲದೆಯೂ ಅವರಿಗೆ ಇಂಥದ್ದೇನಾದರೂ ಮಾಡಬಹುದು, ಮಾಡಬೇಕು.

ಮನಸ್ಸು ಮಾಡಿದವರು ಈಗಲೇ ಶುರು ಮಾಡಿ. ಟ್ಯಾಗ್‌ಗೆ ಅರ್ಜಿ ಕೊನೆಯಾಗುವುದು ಜೂನ್ ಆರಂಭದಲ್ಲಿ, ಲಾಟರಿಯಲ್ಲಿ ಬಂದರೆ ಬಂತು. 1966ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರಿಗೆ ಹಂಟರ್ ಸೇಫ್ಟಿ ಸರ್ಟಿಫಿಕೇಟ್ ಬೇಕು. ಗೈಡ್‌ಗೆ ರಾಜ್ಯದ ಔಟ್‌ಫಿಟರ್ (ಬೇಟೆಗೆ ಕರೆದೊಯ್ಯುವವರ) ಮಂಡಳಿಯ ಲೈಸೆನ್ಸ್ ಇದೆಯಾ ನೋಡಿ. ಟ್ಯಾಗ್ ಬರದಿದ್ದರೆ ಮುಂಗಡ ವಾಪಸ್ ಕೊಡುತ್ತೀರಾ ಅಂತ ಕೇಳಿ, ಉತ್ತರವನ್ನು ಬರಹದಲ್ಲಿ ತಗೊಂಡ ಮೇಲೇ ದುಡ್ಡು ಕಳಿಸಿ.