ಕಿಂಡರ್ ಮೇಲಿನ ಚಪ್ಪಡಿ ಹಾದಿ: ನನ್ನ ವೋಟು ಕಲ್ಲಿಗೇ

ನಮ್ಮ ಓಟದ ಗೆಳೆಯರ ನಡುವೆ ಮತ್ತೆ ಅದೇ ಜಗಳ ಶುರುವಾಗಿದೆ. ಬೆಟ್ಟದ ಮೇಲೆ ಕಲ್ಲು ಚಪ್ಪಡಿ ಹಾಸಿದ್ದು ಸರಿಯೋ ತಪ್ಪೋ ಅಂತ. "ಕೆಸರಲ್ಲಿ ಓಡೋಕೆ ಅಂತಾನೇ ಬಂದವರಿಗೆ ಫುಟ್‌ಪಾತ್ ಯಾಕ್ರೀ?" ಅನ್ನುವವರೇ ಜಾಸ್ತಿ. ಕೇಳೋಕೂ ಚೆನ್ನಾಗಿದೆ ಆ ಮಾತು. ಆದರೆ ನಾನು ಚಪ್ಪಡಿಯ ಪರ. ಯಾಕೆ ಅಂತ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ಊರಲ್ಲಿರುವವರಿಗೆ ಮೊದಲು ಜಾಗ ಯಾವುದು ಅಂತ ಹೇಳಬೇಕು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ನಡುವೆ ಪೀಕ್ ಡಿಸ್ಟ್ರಿಕ್ಟ್ ಇದೆ. 1951ರಲ್ಲಿ ಆದದ್ದು, ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನ. ಅದರ ಅತಿ ಎತ್ತರದ ಜಾಗ ಕಿಂಡರ್ ಸ್ಕೌಟ್, 636 ಮೀಟರ್. ಮುಳ್ಳಯ್ಯನಗಿರಿ ಹತ್ತಿದವರು ನಗಬಹುದು. ನಗಿ. ಇಲ್ಲಿ ಕಷ್ಟ ಎತ್ತರದ್ದಲ್ಲ. ಏದುಸಿರು ಬಿಟ್ಟು ಹತ್ತಿದ ಮೇಲೆ ಸಿಗೋದು ಮರವೇ ಇಲ್ಲದ ಚಪ್ಪಟೆ ಬಯಲು. ಮೂರ್ ಅನ್ನುತ್ತಾರೆ ಇದಕ್ಕೆ. ಹೀದರ್ ಪೊದೆ, ಒರಟು ಹುಲ್ಲು, ಅವುಗಳ ಕೆಳಗೆ ಪೀಟ್. ಪೂರ್ತಿ ಕೊಳೆಯದ ಪಾಚಿ, ಗಿಡಗಳು ನೀರಲ್ಲಿ ನೆನೆದು, ಒತ್ತಿಕೊಂಡು ಆದ ಕರಿ ಮಣ್ಣು ಅದು. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಒಂದು ಮೀಟರ್ ಆಗೋಕೆ ಸಾವಿರ ವರ್ಷ ಬೇಕು.

ಮಳೆನೀರು ಈ ಪೀಟನ್ನು ಕೊರೆದು ಮಾಡಿದ ಕೊರಕಲುಗಳಿಗೆ ಗ್ರಫ್ ಅಂತ ಹೆಸರು. ಕೆಲವು ಆಳೆತ್ತರ ಇವೆ. ಒಳಗಿಳಿದರೆ ಮುಂದಿನ ದಾರಿ ಕಾಣೋದಿಲ್ಲ. ಜಾರಿಕೊಂಡು ಇಳಿಯಬೇಕು, ತಳದ ನೀರು ದಾಟಬೇಕು, ಆಚೆ ದಡವನ್ನು ನಾಲ್ಕು ಕಾಲಲ್ಲಿ ಹತ್ತಬೇಕು. ಹತ್ತಿದರೆ ಹತ್ತು ಹೆಜ್ಜೆಗೆ ಇನ್ನೊಂದು. ಗಟ್ಟಿ ನೆಲ ಅಂತ ಕಾಲಿಟ್ಟರೆ ಮೊಣಕಾಲಿನವರೆಗೆ ಹೋಗುತ್ತದೆ. ಎಳೆದರೆ ಕಾಲು ಬರುತ್ತದೆ, ಶೂ ಬರೋದಿಲ್ಲ. ಆಮೇಲೆ ಬೋರಲು ಮಲಗಿ, ತೋಳು ಮೊಣಕೈವರೆಗೆ ತೂರಿಸಿ, ನೆನೆದ ರಾಗಿಹಿಟ್ಟಿನಂಥ ತಣ್ಣನೆ ಕೆಸರಲ್ಲಿ ಶೂ ತಡಕಾಡಬೇಕು. ಸಿಕ್ಕಿದ ಶೂ ತುಂಬ ಕರಿ ನೀರು. ಅದನ್ನೇ ಸುರಿದು, ಹಾಕಿಕೊಂಡು ಓಡಬೇಕು. ರಸ್ತೆಯಲ್ಲಿ ಕಿಲೋಮೀಟರಿಗೆ ಐದೂವರೆ ನಿಮಿಷದ ಓಟಗಾರ ಇಲ್ಲಿ ಇಪ್ಪತ್ತು ನಿಮಿಷ ತೆಗೆದುಕೊಂಡರೂ ಯಾರೂ ಏನೂ ಅನ್ನೋದಿಲ್ಲ. ವಾಚ್ ನೋಡೋದೇ ಬಿಟ್ಟುಬಿಡುತ್ತೇವೆ.

ಇದು ಮಜಾ ಅಲ್ವಾ? ಮಜಾನೇ. ಅದಕ್ಕೇ ಗೆಳೆಯರು ಹೇಳೋದು, ಇದೇ ಇರಲಿ ಬಿಡಿ, ಕಲ್ಲು ಯಾಕೆ ಅಂತ.

ಇಲ್ಲೇ ನನ್ನ ತಕರಾರು. ಕಿಂಡರ್ ಬುಡದ ಈಡೇಲ್ ಹಳ್ಳಿಯಿಂದ ಹೊರಡುವ ಪೆನೈನ್ ವೇ ಅನ್ನುವ ಉದ್ದದ ಕಾಲುದಾರಿ 1965ರಲ್ಲಿ ಶುರುವಾಯಿತು. ಉತ್ತರಕ್ಕೆ ಸ್ಕಾಟ್ಲೆಂಡ್ ಗಡಿ ದಾಟುವವರೆಗೆ ಸುಮಾರು 430 ಕಿಲೋಮೀಟರ್. ಜನ ಬಂದರು. ದಾರಿ ಕೆಸರಾಯಿತು. ಕೆಸರು ಬೇಡ ಅಂತ ಪ್ರತಿಯೊಬ್ಬನೂ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟ. ಅಲ್ಲೂ ಹುಲ್ಲು ಸತ್ತು ಕೆಸರಾಯಿತು. ಮುಂದಿನವನು ಅದರ ಪಕ್ಕಕ್ಕೆ ಇಟ್ಟ. ಒಬ್ಬರು ನಡೆಯುವ ಕಾಲುದಾರಿ ಹೈವೇಗಿಂತ ಅಗಲವಾದದ್ದು ಹೀಗೆ. ಮೇಲಿನ ಹಸಿರು ಹೋದರೆ ಪೀಟ್ ನಿಲ್ಲೋದಿಲ್ಲ. ಒಣಗಿದರೆ ಗಾಳಿಗೆ, ನೆನೆದರೆ ಮಳೆಗೆ. ಮೊದಲು ದಾರಿ ಕಿಂಡರ್ ಬಯಲಿನ ನಡುವೆಯೇ ಹಾದು ಹೋಗುತ್ತಿತ್ತು. ಅದನ್ನು ಬಿಟ್ಟು, ಜೇಕಬ್ಸ್ ಲ್ಯಾಡರ್ ಅನ್ನುವ ಕಡಿದಾದ ಏರುದಾರಿ ಹತ್ತಿ ಅಂಚಿನಲ್ಲಿ ಹೋಗುವ ಹಾಗೆ ಬದಲಿಸಬೇಕಾಯಿತು.

ಆಮೇಲೆ ಬಂದದ್ದು ಚಪ್ಪಡಿ. ಹೆಲಿಕಾಪ್ಟರಿನಲ್ಲಿ ತಂದು ಇಳಿಸಿದರು. ಎಲ್ಲಿಂದ ತಂದರು ಅನ್ನೋದು ನನಗೆ ಈ ಕತೆಯಲ್ಲೇ ತುಂಬಾ ಇಷ್ಟವಾದ ಭಾಗ. ಎಷ್ಟೋ ಚಪ್ಪಡಿಗಳು ಮುಚ್ಚಿಹೋದ ಹತ್ತಿ ಗಿರಣಿಗಳ ನೆಲಹಾಸು. ಮಿಲ್ ಹಿಲ್‌ನಿಂದ ಸ್ನೇಕ್ ಪಾಸ್ ರಸ್ತೆಯವರೆಗೆ ಫೆದರ್‌ಬೆಡ್ ಮಾಸ್ ಮೇಲೆ ಸಾಲಾಗಿ ಹಾಸಿದ್ದಾರೆ. ಓಡುವಾಗ ತಲೆ ತಗ್ಗಿಸಿ ನೋಡಿ. ಅಲ್ಲಲ್ಲಿ ಕಲ್ಲಿನಲ್ಲಿ ದುಂಡನೆ ತೂತುಗಳು ಕಾಣುತ್ತವೆ, ಯಂತ್ರಗಳನ್ನು ನೆಲಕ್ಕೆ ಬೋಲ್ಟ್ ಹಾಕಿ ನಿಲ್ಲಿಸಿದ್ದ ಗುರುತು. ಈಗ ಅದರಲ್ಲಿ ಮಳೆನೀರು ನಿಂತಿರುತ್ತದೆ.

ಸುತ್ತಲಿನ ಊರುಗಳ ಇಂಥವೇ ಗಿರಣಿ, ಕಾರ್ಖಾನೆಗಳ ಹೊಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಈ ಮೂರ್ ಮೇಲೆ ಬಿದ್ದಿತ್ತು. ಹೊಗೆಯ ಗಂಧಕಕ್ಕೆ ಸ್ಫ್ಯಾಗ್ನಮ್ ಪಾಚಿ ಸತ್ತುಹೋಯಿತು. ಪೀಟ್ ಆಗೋದೇ ಮುಖ್ಯವಾಗಿ ಆ ಪಾಚಿಯಿಂದ. ಅಂದರೆ ಓಟಗಾರ, ಚಾರಣಿಗ ಬರುವ ಮೊದಲೇ ಈ ನೆಲ ಕಾಯಿಲೆ ಬಿದ್ದಿತ್ತು. "ಮುಟ್ಟದ ಕಾಡು ನೆಲ" ಅಂತ ನಾವು ಫೋಟೊ ಹಾಕುತ್ತೇವಲ್ಲ, ಅದು ಮುಟ್ಟಿ ಹಾಳಾದ ನೆಲ. ಮೂರ್ಸ್ ಫಾರ್ ದ ಫ್ಯೂಚರ್ ಅನ್ನುವ ಸಂಸ್ಥೆಯವರು 2003ರಿಂದ ಗ್ರಫ್‌ಗಳಿಗೆ ಚಿಕ್ಕ ಚಿಕ್ಕ ಒಡ್ಡು ಕಟ್ಟಿ ನೀರು ನಿಲ್ಲಿಸಿ, ಪಾಚಿಯ ಚೂರುಗಳನ್ನು ಕೈಯಲ್ಲೇ ನೆಡುತ್ತಾ ಬಂದಿದ್ದಾರೆ. ಅಂಥ ಕಡೆ ಒಮ್ಮೆ ನಿಂತು ನೋಡಬೇಕು. ಕರಿ ಕೆಸರಿನ ನಡುವೆ ತಟ್ಟೆ ಅಗಲದ ಎಳೆ ಹಸಿರು ಮೆತ್ತೆಗಳು. ಒಂದು ಚಿಟಿಕೆ ತೆಗೆದು ಹಿಂಡಿದರೆ ನೀರು ಸುರಿಯುತ್ತದೆ. (ತೆಗೆಯಬೇಡಿ. ಬಿದ್ದಿರೋದನ್ನ ಹಿಂಡಿ.) ಅದರ ಮೇಲೆ ಮುಳ್ಳು ಮುಳ್ಳು ಅಡಿಯ ಶೂ ಹಾಕಿ ಇಪ್ಪತ್ತು ಜನ ಓಡಿದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಹಾಗಾದರೆ ಜನ ಬರೋದನ್ನೇ ನಿಲ್ಲಿಸಿಬಿಡೋಣ ಅಂತೀರಾ? ಅದು ಇಲ್ಲಿ ಆಗದ ಮಾತು. ಒಂದು ಕಾಲದಲ್ಲಿ ಈ ಬೆಟ್ಟ ಗ್ರೌಸ್ ಹಕ್ಕಿ ಬೇಟೆಯಾಡುವ ಜಮೀನುದಾರರದ್ದು, ಕಾವಲಿಗೆ ಆಳುಗಳಿದ್ದರು. 1932ರ ಏಪ್ರಿಲ್ 24ರಂದು ಸುಮಾರು 400 ಜನ ಹೇಫೀಲ್ಡ್ ಹಳ್ಳಿ ಕಡೆಯಿಂದ ಬೇಕಂತಲೇ ಒಳಗೆ ನುಗ್ಗಿದರು. ಹೆಚ್ಚಿನವರು ಮ್ಯಾಂಚೆಸ್ಟರ್ ಕಡೆಯ ದುಡಿಯುವ ಹುಡುಗ ಹುಡುಗಿಯರು. ಮುಂದೆ ನಿಂತ ಬೆನ್ನಿ ರಾತ್‌ಮನ್‌ಗೆ ಆಗ 20 ವರ್ಷ. ಐವರಿಗೆ ಜೈಲಾಯಿತು, ಬೆನ್ನಿಗೆ ನಾಲ್ಕು ತಿಂಗಳು. ದಾರಿ ಬಿಟ್ಟು ಇಂಥ ಬಯಲಲ್ಲಿ ಓಡಾಡುವ ಹಕ್ಕು ಕಾನೂನಿಗೆ ಬಂದದ್ದು 2000ದಲ್ಲಿ. ಎಲ್ಲಿಂದಲೋ ಬಂದ ನಾನು ಯಾರ ಅಪ್ಪಣೆಯೂ ಇಲ್ಲದೆ ಭಾನುವಾರ ಬೆಳಿಗ್ಗೆ ಅಲ್ಲಿ ಓಡುತ್ತೇನೆ ಅಂದರೆ ಅದು ಅವರು ಗಳಿಸಿಕೊಟ್ಟದ್ದು. ಹಕ್ಕು ಎಲ್ಲರಿಗೂ ಸಿಕ್ಕ ಮೇಲೆ ಕಾಲುಗಳೂ ಅಷ್ಟೇ ಬರುತ್ತವೆ. ಅಷ್ಟು ಕಾಲು ಬಂದ ಮೇಲೆ ಒಂದೋ ಕಲ್ಲು, ಇಲ್ಲ ಗೇಟು. ನನಗೆ ಕಲ್ಲೇ ವಾಸಿ.

ಗೇಟು ಹೇಗಿರುತ್ತದೆ ಅಂತ ನಮಗೆ ಗೊತ್ತಲ್ಲ. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರ ಪರ್ವತದ ಬುಡದಲ್ಲಿ ನೆರೆದ ಜಾತ್ರೆಯ ವಿಡಿಯೊ ನೀವೂ ನೋಡಿರುತ್ತೀರಿ. ಆಮೇಲೆ ಚಾರಣ ನಿಂತಿತು, ಆನ್‌ಲೈನ್ ಬುಕಿಂಗ್ ಬಂತು, ದಿನಕ್ಕೆ ಇಷ್ಟೇ ಜನ ಅಂತಾಯಿತು. ಆ ಹೊತ್ತಿಗೆ ಅದು ಸರಿಯೇ ಇತ್ತು. ಆನೆ ಓಡಾಡುವ ಕಾಡು, ಆ ಮಳೆ, ಆ ಹುಲ್ಲುಗಾವಲು, ಇದೆಲ್ಲ ಬೇರೆ. ಕಿಂಡರಿನದನ್ನು ತಂದು ಅಲ್ಲಿ ಹಾಸಿ ಅಂತ ನಾನು ಹೇಳ್ತಿಲ್ಲ. ಆದರೆ ನಮ್ಮಲ್ಲಿ ಎಷ್ಟು ಜನರನ್ನು ಬಿಡಬೇಕು ಅನ್ನೋದರ ಬಗ್ಗೆಯೇ ಮಾತು. ಬಿಟ್ಟವರ ಕಾಲು ಎಲ್ಲಿ ಬೀಳಬೇಕು ಅನ್ನೋದು ಮಾತಿಗೇ ಬರೋದಿಲ್ಲ.

ಚಪ್ಪಡಿಯಿಂದ ತೊಂದರೆ ಇಲ್ಲ ಅಂತಲ್ಲ. ಹಿಮ ಕಟ್ಟಿದ ದಿನ ಅದು ಗಾಜು. ಇಳಿಜಾರಿನಲ್ಲಿ ಮಂಡಿಗೆ ಬೀಳುವ ಪೆಟ್ಟು ನನ್ನ ಮಂಡಿಗೇ ಗೊತ್ತು. ಎದುರಿಗೆ ನಾಯಿ ಹಿಡಿದವರು ಬಂದರೆ ಯಾರಾದರೂ ಒಬ್ಬರು ಕೆಸರಿಗೆ ಇಳಿಯಲೇಬೇಕು. ನಾನೇ ಇಳಿಯುತ್ತೇನೆ, ಹೇಗೂ ಒದ್ದೆಯಾಗಿರುತ್ತೇನೆ. ಆದರೆ "ಚಪ್ಪಡಿ ಹಾಕಿದ ಮೇಲೆ ಸವಾಲೇ ಇಲ್ಲ" ಅನ್ನೋ ಮಾತು ಒಪ್ಪಲಾರೆ. ಚಳಿಗಾಲದ ಸ್ಪೈನ್ ರೇಸ್ ಇದೇ ಪೆನೈನ್ ವೇ ಉದ್ದಕ್ಕೂ, ಇದೇ ಚಪ್ಪಡಿಗಳ ಮೇಲೆ ನಡೆಯೋದು. 2019ರಲ್ಲಿ ಜಾಸ್ಮಿನ್ ಪ್ಯಾರಿಸ್ ಅದನ್ನು 83 ಗಂಟೆ 12 ನಿಮಿಷದಲ್ಲಿ ಮುಗಿಸಿ, ಗಂಡಸರನ್ನೂ ಸೇರಿಸಿ ಎಲ್ಲರಿಗಿಂತ ಮೊದಲು ಬಂದರು. ಮನೆಯಲ್ಲಿ ಮೊಲೆಹಾಲು ಕುಡಿಯುವ ಮಗು. ದಾರಿಯ ನಿಲ್ದಾಣಗಳಲ್ಲಿ ಕೂತು ಹಾಲು ತೆಗೆದಿಟ್ಟು ಮತ್ತೆ ಓಡಿದರು. ಕಲ್ಲು ಹಾಸಿತ್ತು, ಸುಲಭ ಆಯಿತು ಅಂತ ಯಾರಾದರೂ ಅವರ ಮುಂದೆ ಹೇಳಿ ನೋಡೋಣ.

ಅಷ್ಟಕ್ಕೂ ಚಪ್ಪಡಿ ಎಲ್ಲ ಕಡೆ ಇಲ್ಲ. ಮಂಜು ಇಳಿದಾಗ ಕಿಂಡರ್ ಬಯಲಲ್ಲಿ ಹತ್ತಡಿ ಆಚೆ ಕಾಣೋದಿಲ್ಲ. ಒದ್ದೆ ಬೆರಳಿಗೆ ಫೋನಿನ ಸ್ಕ್ರೀನ್ ಓಗೊಡೋದಿಲ್ಲ, ಚಳಿಗೆ ಬ್ಯಾಟರಿಯೂ ಕೈಕೊಡುತ್ತದೆ. ನಕ್ಷೆ, ದಿಕ್ಸೂಚಿ, ಸೀಟಿ, ಮಳೆ ಅಂಗಿ ಪ್ಯಾಂಟು, ಟೋಪಿ, ಗ್ಲೌಸ್ ಇಟ್ಟುಕೊಳ್ಳಿ ಅಂತ ಇಲ್ಲಿನ ಬೆಟ್ಟದ ಓಟಗಳಲ್ಲಿ ಹೇಳೋದು ಸುಮ್ನೆ ಅಲ್ಲ. ಕೆಸರಿನ ಆಸೆ ತೀರದವರಿಗೆ ಇನ್ನೂ ಬೇಕಾದಷ್ಟು ಕೆಸರಿದೆ. ಗುಂಪಾಗಿ ಬಂದಾಗ ಮಾತ್ರ ಕಲ್ಲಿನ ಮೇಲೇ ಇರೋಣ ಅಂತ ನನ್ನ ಮಾತು.

ಮುಂದಿನ ತಿಂಗಳು ಹೋಗುತ್ತಿದ್ದೇವೆ. ಮ್ಯಾಂಚೆಸ್ಟರ್ ಪಿಕಡಿಲಿಯಿಂದ ಈಡೇಲಿಗೆ ರೈಲಿನಲ್ಲಿ ಮುಕ್ಕಾಲು ಗಂಟೆ. ಬರುವವರು ಹಳೆ ಶೂ ಹಾಕಿಕೊಳ್ಳಿ, ಲೇಸಿಗೆ ಎರಡು ಗಂಟು ಹಾಕಿ, ವಾಪಸ್ ಬರುವಾಗ ಸೀಟಿನ ಮೇಲೆ ಹಾಸೋಕೆ ಒಂದು ಪ್ಲಾಸ್ಟಿಕ್ ಚೀಲ ತನ್ನಿ. ಚಪ್ಪಡಿ ಬೇಡ ಅನ್ನುವವರಲ್ಲಿ ಇಬ್ಬರು ಬರುತ್ತಿದ್ದಾರೆ. ಉಳಿದ ಜಗಳ ರೈಲಿನಲ್ಲೇ ಆಡುತ್ತೇವೆ.