ಮುರುಗಲಿಗೆ ಔಷಧದ ಚೀಟಿ ಏಕೆ?

ಏಪ್ರಿಲ್ ಕೊನೆಯಿಂದ ಮಳೆ ಹಿಡಿಯುವವರೆಗೂ ಶಿರಸಿ ಸೀಮೆಯ ನಮ್ಮ ಮನೆಯಂಗಳದಲ್ಲಿ ಮುರುಗಲು ಸಿಪ್ಪೆ ಒಣಗುತ್ತಿತ್ತು. ದಕ್ಷಿಣ ಕನ್ನಡದವರು ಪುನರ್ಪುಳಿ ಎಂದೂ ಪೇಟೆಯವರು ಕೋಕಂ ಎಂದೂ ಕರೆಯುವ ಈ ಹಣ್ಣು ನಮ್ಮ ಪಶ್ಚಿಮ ಘಟ್ಟದ್ದೇ.

ಆಯಿ ಹಣ್ಣನ್ನು ಹೋಳು ಮಾಡಿ, ಬೀಜ ತೆಗೆದು, ಬಟ್ಟಲಿನಂಥ ಸಿಪ್ಪೆಗಳಿಗೆ ಸಕ್ಕರೆ ತುಂಬಿ, ಭರಣಿಯಲ್ಲಿ ಜೋಡಿಸಿ ದಿನವೂ ಬಿಸಿಲಿಗೆ ಇಡುತ್ತಿದ್ದಳು. ಒಲೆಯ ಹಂಗಿಲ್ಲದೆ ಸಕ್ಕರೆಯೇ ರಸವನ್ನು ಎಳೆದುಕೊಂಡು ವಾರದೊಳಗೆ ಕಡುಗೆಂಪು ಪಾಕವಾಗುತ್ತಿತ್ತು. ಒಣಗಿದ ಸಿಪ್ಪೆ ಮಳೆಗಾಲದ ಸಾರಿಗೆ ಹುಳಿಯಾಗುತ್ತಿತ್ತು. ಬೀಜವನ್ನೂ ಎಸೆಯುತ್ತಿರಲಿಲ್ಲ. ಅದನ್ನು ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಜಿಡ್ಡನ್ನು ಸಂಗ್ರಹಿಸಿ ಉಂಡೆ ಕಟ್ಟಿದರೆ ಮುರುಗಲು ತುಪ್ಪ. ಒಡೆದ ಹಿಮ್ಮಡಿಗೆ ನಮ್ಮಲ್ಲಿ ಹಚ್ಚುತ್ತಿದ್ದುದು ಅದನ್ನೇ.

ಈಗ ಅದೇ ಪಾಕದ ಬಾಟಲಿಯ ಮೇಲೆ ‘ಬೊಜ್ಜು ಕರಗಿಸುತ್ತದೆ’ ಎಂಬ ಬರಹ ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ. ಈ ಮಾತಿಗೆ ಆಧಾರವಾಗಿ ಹೇಳುವುದು ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನು. ಮುರುಗಲಿನ ಹತ್ತಿರದ ಬಂಧುವಾದ ಉಪ್ಪಾಗೆಯಲ್ಲೂ ಅದೇ ಆಮ್ಲವಿದೆ. ಗಾರ್ಸೀನಿಯಾ ಕ್ಯಾಂಬೋಜಿಯಾ ಎಂಬ ಹೆಸರಿನಲ್ಲಿ ಮಾರಾಟವಾಗುವ ಉಪ್ಪಾಗೆಯ ಸಾರವನ್ನು ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷಿಸಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಸಾರ ಸೇವಿಸಿದವರ ತೂಕ ಸಾರವೇ ಇಲ್ಲದ ಹುಸಿಮಾತ್ರೆ ನುಂಗಿದವರಿಗಿಂತ ಹೇಳಿಕೊಳ್ಳುವಷ್ಟೇನೂ ಹೆಚ್ಚು ಇಳಿದಿರಲಿಲ್ಲ. ಆದರೂ ಬೇಡಿಕೆ ಏರಿತು, ನಮ್ಮ ಕಾಡುಗಳಲ್ಲಿ ಉಪ್ಪಾಗೆಯನ್ನು ಹಣ್ಣಾಗುವ ಮೊದಲೇ, ಕೊಂಬೆ ಕಡಿದಾದರೂ ಕೊಯ್ಯುವ ಪೈಪೋಟಿ ಹುಟ್ಟಿತು, ಒಣಗಿಸುವುದಕ್ಕೆ ಸೌದೆಯೂ ಕಾಡಿನಿಂದಲೇ ಬಂತು. ಮುರುಗಲಿಗೂ ಆ ಗತಿ ಬಾರದಿರಲಿ ಎಂಬುದೇ ನನ್ನ ಕಳವಳ.

ಇನ್ನು ಪಾಕದ ಲೆಕ್ಕ. ನಮ್ಮ ಮನೆಯಲ್ಲಿ ಒಂದು ಪಾಲು ಸಿಪ್ಪೆಗೆ ಎರಡು ಪಾಲು ಸಕ್ಕರೆ ಹಾಕುತ್ತಿದ್ದರು, ಏಕೆಂದರೆ ವರ್ಷವಿಡೀ ಕೆಡದೆ ಉಳಿಯಬೇಕಿತ್ತು. ಅಷ್ಟು ಸಕ್ಕರೆಯ ಪಾನೀಯವನ್ನು ತೂಕ ಇಳಿಸಲು ಕುಡಿಯಿರಿ ಎನ್ನುವುದು ಸರಿಯಲ್ಲ, ಸಕ್ಕರೆ ಕಾಯಿಲೆಯವರಿಗೆ ಹಾಗೆ ಹೇಳುವುದಂತೂ ಅಪಾಯ. ಬಣ್ಣದ ವಿಷಯವೂ ಇದೆ: ಸಿಪ್ಪೆಯ ಕೆಂಪು ಸಹಜ ಬಣ್ಣದ ವಸ್ತುಗಳಾದ ಆಂಥೋಸಯಾನಿನ್‌ಗಳಿಂದ ಬಂದದ್ದು, ಶಾಖಕ್ಕೂ ಬೆಳಕಿಗೂ ಅದು ಮಾಸುತ್ತದೆ. ಆದ್ದರಿಂದ ತಿಂಗಳುಗಟ್ಟಲೆ ಗಾಜಿನ ಕಪಾಟಿನಲ್ಲಿದ್ದರೂ ಹೊಳೆಯುವ ಕೆಂಪನ್ನು ಕಂಡರೆ ಬಣ್ಣ ಬೆರೆಸಿದ್ದಾರೆಯೇ ಎಂದು ನಾನು ಮೊದಲು ಬಾಟಲಿಯ ಹಿಂಬದಿ ಓದುತ್ತೇನೆ.

ಬಿಸಿಲಿನಲ್ಲಿ ನಡೆದು ಬಂದವರಿಗೆ ಆಯಿ ಕೊಡುತ್ತಿದ್ದುದು ಪಾಕವನ್ನಲ್ಲ. ನಾಲ್ಕು ಒಣ ಸಿಪ್ಪೆಗಳನ್ನು ನೀರಿನಲ್ಲಿ ನೆನೆಸಿ, ಕಿವುಚಿ, ಚಿಟಿಕೆ ಉಪ್ಪು ಮತ್ತು ಹುರಿದ ಜೀರಿಗೆ ಪುಡಿ ಬೆರೆಸಿ ಕೊಡುತ್ತಿದ್ದಳು. ಬಾಯಾರಿಕೆ ತಣಿಯುತ್ತಿತ್ತು, ಊಟ ರುಚಿಸುತ್ತಿತ್ತು. ಪಾಕ ಮಾರುವ ನಮ್ಮೂರಿನವರು ಆ ಒಣ ಸಿಪ್ಪೆಯನ್ನೂ ಚಿಕ್ಕ ಪೊಟ್ಟಣ ಕಟ್ಟಿ, ನೆನೆಸುವ ವಿಧಾನವನ್ನು ಮೇಲೆ ಬರೆದು ಮಾರಬೇಕೆಂದು ಕೇಳಿಕೊಳ್ಳುತ್ತೇನೆ. ನಾನಂತೂ ಮೊದಲ ಗಿರಾಕಿ.